ಕಣ್ಣು ಬರೆಯದ ಎತ್ತುಗಳು

ನಮ್ಮ ಮನೆಯಲ್ಲಿ ಊಟಕ್ಕೆ ಕೂರುವ ಮೊದಲು ಕೈ ತೋರಿಸಬೇಕಿತ್ತು. ಆಯಿ, ಅಂದರೆ ಅಪ್ಪನ ತಾಯಿ, ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಒಬ್ಬೊಬ್ಬರ ಅಂಗೈ ಹಿಡಿದು, ಉಗುರಿನ ಸಂದಿ ನೋಡಿ, ಮೂಸಿ, ಆಮೇಲೆ ಒಳಗೆ ಬಿಡುತ್ತಿದ್ದಳು. ನಾವು ಬೈಲಹೊಂಗಲದ ಚಿತ್ರಗಾರರು. ತೊಟ್ಟಿಲಿಗೆ ಬಣ್ಣ ಹಾಕುವುದು, ಮದುವೆಯ ಬಾಸಿಂಗ ಕಟ್ಟುವುದು, ಚೌತಿಗೆ ಮಣ್ಣಿನ ಗಣಪತಿ ಮಾಡುವುದು ನಮ್ಮ ಕಸುಬು. ಹಳದಿ ಬಣ್ಣಕ್ಕೆ ಅರೆಯುವ ಹರದಾಳದ ಕಲ್ಲು ವಿಷ. ಉಗುರಿನಲ್ಲಿ ಒಂದು ಚೂರು ಉಳಿದು ರೊಟ್ಟಿಯ ಜೊತೆ ಹೊಟ್ಟೆಗೆ ಹೋದರೆ ಕಥೆ ಮುಗಿಯಿತು. ಅದಕ್ಕೇ ಈ ತಪಾಸಣೆ. ನನಗೋ ಹಸಿವೆ ತಡೆಯುತ್ತಿರಲಿಲ್ಲ. ಒಳಗೆ ಅವ್ವ ಬಡಿಯುತ್ತಿದ್ದ ರೊಟ್ಟಿಯ ಸದ್ದು, ಪುಂಡಿಪಲ್ಲೆಯ ಹುಳಿ ವಾಸನೆ, ಇಲ್ಲಿ ಮುದುಕಿ ನನ್ನ ಕಿರುಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇರುತ್ತಿದ್ದಳು. ಅಪ್ಪನ ಸರದಿ ಬಂದಾಗ ಮಾತ್ರ ಆಕೆ ಮೂಸುತ್ತಿರಲಿಲ್ಲ. ಅವನ ಬಲಗೈಯನ್ನು ತನ್ನ ಎರಡೂ ಕೈಗಳ ನಡುವೆ ಒತ್ತಿ ಹಿಡಿದುಕೊಳ್ಳುತ್ತಿದ್ದಳು. ಆ ಕೈ ನಡುಗುತ್ತಿತ್ತು.

ಯಾವಾಗ ಶುರುವಾಯಿತೋ ನನಗೆ ನೆನಪಿಲ್ಲ. ಒಂದು ಜ್ವರ ಬಂದು ಹೋದ ಮೇಲೆ ಎಂದು ಅವ್ವ ಹೇಳುತ್ತಿದ್ದಳು. ಮಣ್ಣು ತಟ್ಟುವಾಗ, ಹೊಟ್ಟೆ ಸೊಂಡಿಲು ತಿದ್ದುವಾಗ ನಡುಕ ಅಷ್ಟಾಗಿ ಕಾಣುತ್ತಿರಲಿಲ್ಲ. ಸಣ್ಣ ಕುಂಚ ಹಿಡಿದನೆಂದರೆ ತುದಿ ಎಲ್ಲೆಲ್ಲೋ ಹೋಗುತ್ತಿತ್ತು. ಚಿತ್ರಗಾರರ ಮನೆಗಳಲ್ಲಿ ಹೆಂಗಸರು ಬಣ್ಣ ಅರೆಯಬೇಕು, ಹುಣಸೆಬೀಜದ ಅಂಟು ಕಾಸಬೇಕು, ಬಿಳಿ ಬಳಿಯಬೇಕು. ಗೆರೆ ಗಂಡಸಿನದು, ಅದರಲ್ಲೂ ದೇವರ ಕಣ್ಣಂತೂ ಮನೆಯ ಯಜಮಾನನದೇ. ಮೊದಲೆಲ್ಲ ಚೌತಿಯ ಮುಂಜಾನೆ ಗಣಪತಿ ಒಯ್ಯಲು ಬಂದವರ ಎದುರಿಗೇ, ಪಡಸಾಲೆಯಲ್ಲಿ, ಅಪ್ಪ ಉಸಿರು ಹಿಡಿದು ಎರಡು ಗೆರೆಯಲ್ಲಿ ಕಣ್ಣು ತೆರೆಯುತ್ತಿದ್ದನಂತೆ. ಕೈ ನಡುಗತೊಡಗಿದ ವರ್ಷ ಆಯಿ ಹೊಸದೊಂದು ಶಾಸ್ತ್ರ ಹುಟ್ಟಿಸಿದಳು. ಕಣ್ಣು ತೆರೆಯುವುದನ್ನು ಮಂದಿ ನೋಡಬಾರದು, ಒಳಖೋಲಿಯ ಬಾಗಿಲು ಹಾಕಬೇಕು, ದೇವರ ಮೊದಲ ನೋಟ ಕನ್ನಡಿಯ ಮೇಲೇ ಬೀಳಬೇಕು. ಊರವರು ಕೈ ಮುಗಿದು ಒಪ್ಪಿಬಿಟ್ಟರು. ಎರಡು ವರ್ಷದೊಳಗೆ, ಯಾರೋ ಬಾಗಿಲ ಸಂದಿಯಿಂದ ಇಣುಕಿ ನೋಡಿ ಕಣ್ಣುಬೇನೆಯಿಂದ ಮಲಗಿದರು ಅನ್ನುವ ಸುದ್ದಿ ಕೂಡ ಹುಟ್ಟಿಕೊಂಡಿತು! ಬಾಗಿಲ ಒಳಗೆ ಕಣ್ಣು ಬರೆಯುತ್ತಿದ್ದವಳು ಅವ್ವ. ಕನ್ನಡಿ ಹಿಡಿಯುತ್ತಿದ್ದವಳು ನಾನು. ಅಪ್ಪ ಗೋಡೆಗೆ ಒರಗಿ ಕುಳಿತು ಅವಳ ಕೈಯನ್ನೇ ನೋಡುತ್ತಿದ್ದ. ಕೊನೆಗೆ ಕುಂಚ ಒರೆಸುತ್ತ ಬಾಗಿಲು ತೆಗೆದು ಹೊರಗೆ ಬರುವವನು ಅವನು. ಅವ್ವ ಹಿತ್ತಿಲ ಬಾಗಿಲಿಂದ ಹೋಗಿ ಒಲೆಯ ಮುಂದೆ ಕೂರುತ್ತಿದ್ದಳು.

ಯಾರ ಮುಂದೆಯೂ ಬಾಯಿ ಬಿಡಬೇಡ ಎಂದು ನನಗೆ ಆಣೆ ಹಾಕಿಸಿದ್ದರು. ಆಣೆಯನ್ನು ನಾನು ಮುರಿಯಲಿಲ್ಲ, ಅದನ್ನು ಎದೆ ತಟ್ಟಿ ಹೇಳಬಲ್ಲೆ. ಆದರೆ ಸುಮ್ಮನೆ ಇರುವುದು ಬೇರೆ, ಜಂಬ ಕೊಚ್ಚುವುದು ಬೇರೆ ಅನ್ನುವುದು ಏಳು ವರ್ಷದ ನನಗೆ ಯಾರು ಹೇಳಿಕೊಡಬೇಕು? ನಮ್ಮದು ಹೆಣ್ಣುಮಕ್ಕಳ ಸಾಲೆ, ಯಾರದೋ ಹಳೆಯ ಮನೆಯ ಪಡಸಾಲೆಯಲ್ಲಿ ನಡೆಯುತ್ತಿತ್ತು. ಇದ್ದವರು ಇಪ್ಪತ್ತೆರಡು ಹುಡುಗಿಯರು, ಒಬ್ಬರೇ ಅಕ್ಕೋರು. ಅಂಬಾಬಾಯಿ ಅಕ್ಕೋರು ಧಾರವಾಡದಲ್ಲಿ ಕಲಿತು ಬಂದವರು. ಲೆಕ್ಕ, ಕವಿತೆ, ಹೊಲಿಗೆ ಎಲ್ಲ ಬರುತ್ತಿತ್ತು, ಚಿತ್ರ ಮಾತ್ರ ಬರುತ್ತಿರಲಿಲ್ಲ. ಆ ವರ್ಷ ಚಿತ್ರವನ್ನೂ ಕಲಿಸಬೇಕೆಂದು ಮೇಲಿನಿಂದ ಹುಕುಂ ಬಂತು, ಜೊತೆಗೆ ಗೋಡೆಗೆ ತೂಗುಹಾಕುವ ಒಂದು ಹಾಳೆ. ಹಾಳೆಯಲ್ಲಿ ಒಂದು ಚಹದ ಕಿಟ್ಲಿ. ನಮ್ಮಲ್ಲಿ ಒಬ್ಬಳೂ ಕಿಟ್ಲಿ ಕಂಡವಳಲ್ಲ. ಗೌಡರ ಮನೆಯ ಶಾಂತವ್ವ ಅದಕ್ಕೆ ಎರಡು ಕಾಲು ಬರೆದು ಕೊಕ್ಕರೆ ಮಾಡಿದಳು. ಅಕ್ಕೋರು ನಗಬೇಕೋ ಅಳಬೇಕೋ ತಿಳಿಯದೆ ನಿಂತಾಗ ನಾನು ಎದ್ದು ನಿಂತೆ.

"ನಮ್ಮಪ್ಪ ಒಂದ ಉಸರಿನ್ಯಾಗ ಕಣ್ಣ ಬರೀತಾನ್ರಿ ಅಕ್ಕೋರ. ಈ ಕಿಟ್ಲಿ ಅಂವಗ ಯಾವ ಲೆಕ್ಕ!"

ಅಕ್ಕೋರು ಆ ಸಂಜೆಯೇ ನಮ್ಮ ಮನೆಗೆ ಬಂದುಬಿಟ್ಟರು. ಛತ್ರಿ ಮಡಚಿ, ಚಪ್ಪಲಿ ಬಿಟ್ಟು, ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು, ಶನಿವಾರ ಮುಂಜಾನೆಯ ಸಾಲೆಗೆ ಬಂದು ಹುಡುಗಿಯರಿಗೆ ಒಂದಿಷ್ಟು ಚಿತ್ರ ತೋರಿಸಿಕೊಡಬೇಕು, ಕೆಲವು ವಾರಗಳಲ್ಲಿ ಸಾಲೆಯ ತಪಾಸಣೆಗೆ ಡಿಪೋಟಿ ಸಾಹೇಬರು ಬರುತ್ತಾರೆ, ಚಿತ್ರ ಕೇಳಿದರೆ ತಮ್ಮ ಮಾನ ಹೋಗುತ್ತದೆ ಎಂದು ಅಪ್ಪನನ್ನು ಕೇಳಿಕೊಂಡರು. ಅಪ್ಪನ ಬಲಗೈ ಶಾಲಿನ ಒಳಗಿತ್ತು. ಅವನು ನನ್ನ ಕಡೆ ಒಮ್ಮೆ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. "ಆತ್ರಿ, ಬರತೇನಿ" ಅಂದ. ಅಕ್ಕೋರು ಹೊಸ್ತಿಲು ದಾಟಿದ್ದೇ ತಡ, ಆಯಿ ಸಿಡಿದೆದ್ದಳು.

"ಬರತೇನಿ ಅಂತ ಯಾವ ಬಾಯಿಲೆ ಅಂದಿ? ಅಲ್ಲಿ ಸೀಮೆಸುಣ್ಣ ಹಿಡದ ನಿಂತಾಗ ಕೈ ಎಲ್ಲಿ ಬಚ್ಚಿಡಾಂವ?"

"ಕೈ ಬಚ್ಚಿಟ್ರ ಬಾಯಿ ಇರತದಲ್ಲ ಯವ್ವಾ. ಬಾಯಿಲೆ ಕಲಸತೇನಿ."

"ಊರಿಗೆ ಗೊತ್ತಾದ್ರ ಚೌತಿಗೆ ಒಂದ ಮಣಿ ಬರಂಗಿಲ್ಲ ನಮ್ಮ ಮನಿಗೆ. ನೆನಪಿರ್ಲಿ."

ಮಣೆ ಅಂದರೆ ಗಣಪತಿ ಕೂರಿಸುವ ಹಲಗೆ. ಶ್ರಾವಣ ಬಂತೆಂದರೆ ಪ್ರತಿ ಮನೆಯವರೂ ತಮ್ಮ ತಮ್ಮ ಮಣೆ ತಂದು ನಮ್ಮ ಗೋಡೆಗೆ ಒರಗಿಸಿ ಹೋಗಬೇಕು, ಅದರ ಮೇಲೇ ಅವರ ಗಣಪತಿ ಎದ್ದು ನಿಲ್ಲಬೇಕು. ಅದೇ ನಮ್ಮ ಇಡೀ ವರ್ಷದ ಬದುಕು. ನನ್ನ ಒಂದು ಮಾತಿನಿಂದ ಅದು ಹೋಗಬಹುದು ಅನ್ನುವುದು ನನಗೆ ಆಗ ಹೊಳೆಯಿತು. ಅವ್ವ ಆ ರಾತ್ರಿ ನನಗೆ ಬಡಿಸಿದಳು, ಮಾತಾಡಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ನಾನು ಅಂಟಿನ ಗಡಿಗೆಯ ಪಕ್ಕದಲ್ಲಿ ಕುಳಿತು ಗೊಳೋ ಎಂದು ಅತ್ತ ಮೇಲೆಯೇ ಅವಳು ಸೆರಗಿನಿಂದ ನನ್ನ ಮೂಗು ಒರೆಸಿದ್ದು.

ಶನಿವಾರ ಬಂತು. ಅಪ್ಪ ಮುಂದೆ, ಬಣ್ಣದ ಕುಡಿಕೆಗಳ ಬುಟ್ಟಿ ಹೊತ್ತು ಅವ್ವ ಹಿಂದೆ, ನಡುವೆ ನಾನು. ಅವ್ವ ಸಾಲೆಯ ಒಳಗೆ ಬರಲಿಲ್ಲ, ಅಂಗಳದ ಕಟ್ಟೆಯ ಮೇಲೆ ಕುಳಿತಳು. ಅಪ್ಪ ಒಳಗೆ ಹೋದವನೇ ಕಿಟ್ಲಿಯ ಹಾಳೆಯನ್ನು ಎಡಗೈಯಿಂದ ಗೋಡೆಯ ಕಡೆ ತಿರುಗಿಸಿಟ್ಟ. ಸಾಲೆಯ ನೀರಿನ ತಂಬಿಗೆಯನ್ನು ನಡುವೆ ಇಡಿಸಿದ. ಬರೆಯುವ ಪಾಟಿ ಮುಟ್ಟಬೇಡಿ ಅಂದ. ಸುಮ್ಮನೆ ನೋಡಿ, ತಂಬಿಗೆಯ ಹೊಟ್ಟೆ ಎಲ್ಲಿ ಶುರುವಾಗುತ್ತದೆ, ಕುತ್ತಿಗೆ ಎಲ್ಲಿ ಮುಗಿಯುತ್ತದೆ, ಬೆಳಕು ಎಲ್ಲಿ ಕೂತಿದೆ. ಒಬ್ಬೊಬ್ಬಳನ್ನೂ ಕೇಳಿದ, ಎಲ್ಲರ ಉತ್ತರಕ್ಕೂ ನಕ್ಕ. ಶಾಂತವ್ವ, "ಕಾಕಾ, ನೀವು ಬರದ ತೋರಸ್ರಿ" ಅಂದಾಗ ನಾನು ಅಪ್ಪನ ಶಾಲಿನ ಕಡೆ ನೋಡಿದೆ. ಅವನು ಕಣ್ಣು ಮಿಟುಕಿಸಿದ:

"ನಾ ಬರದ್ರ ನೀವು ನನ್ನ ತಂಬಗಿ ನೋಡತೀರಿ. ತಂಬಗಿ ಅಲ್ಲೇ ಕುಂತೈತಿ, ಅದನ್ನ ನೋಡ್ರಿ. ಕೈ ಆಮ್ಯಾಲೆ, ಮೊದಲ ಕಣ್ಣ."

ವಾರ ವಾರ ಹೀಗೇ ನಡೆಯಿತು. ಹಳದಿ ಕಲ್ಲು ಬೇಡ, ವಿಷ ಎಂದು ಕಾಡಿಗೆ, ಕೆಮ್ಮಣ್ಣು, ಸುಣ್ಣ ಮಾತ್ರ ತರಿಸಿದ. ಅಳಿಲಿನ ಬಾಲದ ಕೂದಲನ್ನು ನವಿಲುಗರಿಯ ದಂಟಿಗೆ ಕಟ್ಟಿ ಕುಂಚ ಮಾಡಿಸಿದ. ಎಲ್ಲವೂ ಮಕ್ಕಳ ಕೈಯಿಂದಲೇ. ಮನೆಯಲ್ಲಿ ಮಂಕಾಗಿ ಕೂರುತ್ತಿದ್ದ ಅಪ್ಪ ಶನಿವಾರ ಬೆಳಗಾಗುವ ಮೊದಲೇ ಎದ್ದು ಮೀಸೆ ತಿದ್ದಿಕೊಳ್ಳುತ್ತಿದ್ದ, "ಏ ಗಂಗವ್ವ, ಏಳ, ನಮ್ಮ ಸಾಲಿಗೆ ಹೊತ್ತಾತು" ಅನ್ನುತ್ತಿದ್ದ. ನಮ್ಮ ಸಾಲಿ! ಅವನು ಹುಟ್ಟಿ ಸಾಲೆಯ ಮೆಟ್ಟಿಲು ಹತ್ತಿದವನಲ್ಲ. ನಾನು ಮುಂದೆ ಬಾಳೆಲ್ಲ ಕುಂಚ ಹಿಡಿದು ಬದುಕಿದವಳು. ಕಲಿತದ್ದು ಅವ್ವನ ಕೈ ನೋಡಿ ನಿಜ, ಆದರೆ ನೋಡುವುದನ್ನು ಕಲಿತದ್ದು ಆ ತಂಬಿಗೆಯ ಮುಂದೆ.

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು. ಮನೆ ಮನೆಯಲ್ಲಿ ಮಣ್ಣಿನ ಎತ್ತು ಪೂಜೆ ಮಾಡುವ ಹಬ್ಬ. ಮುನವಳ್ಳಿಯ ಕಡೆಯಿಂದ ಮಲಪ್ರಭೆಯ ದಂಡೆಯ ಮಣ್ಣು ನಮ್ಮ ಮನೆಗೆ ಚಕ್ಕಡಿಯಲ್ಲಿ ಬಂದಿತ್ತು, ಅಪ್ಪ ಅದರಲ್ಲೇ ಒಂದು ಪಾಲು ಸಾಲೆಗೆ ಹೊರಿಸಿದ. ಒಬ್ಬೊಬ್ಬಳು ಒಂದು ಎತ್ತು ಮಾಡಬೇಕು, ಅದು ಪಕ್ಕದವಳ ಎತ್ತಿಗೆ ಜೋಡಿಯಾಗಬೇಕು. ಹನ್ನೊಂದು ಜೋಡಿ. ನನ್ನ ಜೋಡಿ ಶಾಂತವ್ವ. ಅವಳ ಎತ್ತಿನ ಹೆಗಲ ಮೇಲಿನ ಹಿಣಿಲು ದೊಡ್ಡದು, ನನ್ನದು ಸಣ್ಣದು, ಇಬ್ಬರೂ ಜಗಳಾಡಿ ಜಗಳಾಡಿ ಒಂದೇ ಅಳತೆಗೆ ತಂದೆವು. ಒಣಗಿದವು, ಸುಣ್ಣ ಬಳಿದೆವು, ಕೆಮ್ಮಣ್ಣಿನಿಂದ ಕೋಡು, ಬೆನ್ನಿಗೆ ಹೊದಿಸುವ ಜೂಲು ಬರೆದೆವು. "ಮುಂದಿನ ಶನಿವಾರ ಕಣ್ಣ" ಅಂದು ಅಪ್ಪ ಮನೆಗೆ ಹೋದ. ಹುಡುಗಿಯರೆಲ್ಲ ನನ್ನ ಸುತ್ತ ಮುತ್ತಿಕೊಂಡರು, ಕಣ್ಣು ಹೇಗೆ ಬರೆಯುವುದು ಎಂದು. ಕನ್ನಡಿ ಹಿಡಿಯುವವಳು ನಾನಲ್ಲವೇ! ಒಳ್ಳೆ ಪೂಜಾರಿಯ ಗತ್ತಿನಲ್ಲಿ ಹೇಳಿದೆ: ಬಯಲಿನಲ್ಲಿ ಕಣ್ಣು ತೆರೆಯಬಾರದು, ಬಾಗಿಲು ಹಾಕಬೇಕು, ಕನ್ನಡಿ ಬೇಕು, ಉಸಿರು ಹಿಡಿದು ಗಂಡಸೇ ಬರೆಯಬೇಕು, ಇಲ್ಲದಿದ್ದರೆ ಬರೆದವರ ಕಣ್ಣು ಹೋಗುತ್ತವೆ. ಅಷ್ಟೂ ಹುಡುಗಿಯರು ಗಲ್ಲ ಗಲ್ಲ ಬಡಿದುಕೊಂಡರು.

ಡಿಪೋಟಿ ಸಾಹೇಬರು ಬಂದದ್ದು ಆ ಮುಂದಿನ ಶನಿವಾರವೇ. ಜರಿ ಅಂಚಿನ ರುಮಾಲು, ಕೈಯಲ್ಲಿ ಬೆತ್ತ, ಒಳ್ಳೆಯ ಮನುಷ್ಯ. ಅಪ್ಪ ಶಾಲು ಹೊದ್ದು ಮೂಲೆಯಲ್ಲಿ ನಿಂತಿದ್ದ, ಅವ್ವ ಎಂದಿನಂತೆ ಅಂಗಳದ ಕಟ್ಟೆಯ ಮೇಲಿದ್ದಳು, ಕಿಟಕಿಯಲ್ಲಿ ಊರ ಜನ ಇಣುಕುತ್ತಿದ್ದರು. ಸಾಹೇಬರು ಕವಿತೆ ಕೇಳಿದರು, ಲೆಕ್ಕ ಕೇಳಿದರು, ಆಮೇಲೆ ಸಾಲಾಗಿ ನಿಂತ ಇಪ್ಪತ್ತೆರಡು ಬಿಳಿ ಎತ್ತುಗಳ ಮುಂದೆ ಬಗ್ಗಿ ನಿಂತರು.

"ಎತ್ತು ಭಾಳ ಚಲೋ ಅದಾವ. ಕಣ್ಣ ಯಾಕ ಇಲ್ಲ? ಬರೀರಿ, ನಾನೂ ನೋಡತೇನಿ."

ಅಕ್ಕೋರು ಕಾಡಿಗೆಯ ಕುಡಿಕೆ ಮುಂದಿಟ್ಟರು. ಶಾಂತವ್ವನ ಕೈಗೆ ಕುಂಚ ಕೊಟ್ಟರು. ಅವಳು ಅದನ್ನು ಬೆಂಕಿ ಮುಟ್ಟಿದಂತೆ ಬಿಟ್ಟು ಕೈ ಹಿಂದೆ ಕಟ್ಟಿಕೊಂಡಳು.

"ಬಯಲಾಗ ಕಣ್ಣ ತೆರೀಬಾರದ್ರಿ ಸಾಹೇಬ್ರ. ಖೋಲಿ ಬಾಗಲಾ ಹಾಕ್ಬೇಕ್ರಿ. ಗಂಡಸರ ಬರೀಬೇಕ್ರಿ. ಗಂಗವ್ವ ಹೇಳ್ಯಾಳ್ರಿ. ನಾವ್ ಬರದ್ರ ಕಣ್ಣ ಹೋಗತಾವಂತ್ರಿ."

ಸಾಹೇಬರು ಹುಬ್ಬೇರಿಸಿ ಅಪ್ಪನ ಕಡೆ ತಿರುಗಿದರು.

"ಹೌದೇನ್ರಿ? ಇದು ಯಾವ ಶಾಸ್ತ್ರ?"

ಹೌದ್ರಿ, ನಮ್ಮ ಮನೆತನದ ಪದ್ಧತಿ ಎಂದಿದ್ದರೆ ಮುಗಿಯುತ್ತಿತ್ತು. ಸಾಹೇಬರು ತಲೆದೂಗಿ ಮುಂದೆ ಹೋಗುತ್ತಿದ್ದರು. ಕಿಟಕಿಯ ಜನರಿಗೂ ಅದೇ ಬೇಕಿತ್ತು. ಹೇಳಪ್ಪಾ, ಹೌದು ಅನ್ನು ಎಂದು ನಾನು ಮನಸ್ಸಿನಲ್ಲಿ ಕೂಗುತ್ತಿದ್ದೆ. ಅಪ್ಪ ನೋಡುತ್ತಿದ್ದದ್ದು ಸಾಹೇಬರನ್ನಲ್ಲ, ಕೈ ಹಿಂದೆ ಕಟ್ಟಿಕೊಂಡು ಕುಳಿತ ಹುಡುಗಿಯರನ್ನು. ತಂಬಿಗೆಯನ್ನು ಅಷ್ಟು ನೋಡಿ, ಅಷ್ಟು ನಕ್ಕು, ಮೊಣಕೈ ತನಕ ಮಣ್ಣು ಮೆತ್ತಿಕೊಂಡಿದ್ದ ಹುಡುಗಿಯರು ಈಗ ಒಂದು ಕುಂಚಕ್ಕೆ ಅಂಜಿ ಕುಳಿತಿದ್ದರು. ಅವನು ಶಾಲು ತೆಗೆದು ಕೆಳಗಿಟ್ಟ. ಬಲಗೈ ಮುಂದೆ ಚಾಚಿದ. ಅದು ಎಲ್ಲರ ಎದುರಿಗೆ ನಡುಗಿತು.

"ಶಾಸ್ತ್ರ ಅಲ್ರಿ ಸಾಹೇಬ್ರ, ಸುಳ್ಳು. ಈ ಕೈಲೆ ಗೆರಿ ಬರಂಗಿಲ್ಲ. ಎರಡ ವರ್ಷಾತು, ನಮ್ಮನಿ ಗಣಪ್ಪಗೋಳ ಕಣ್ಣ ಬರದಾಕಿ ನನ್ನ ಹೇಂತಿ. ಅದನ್ನ ಮುಚ್ಚಾಕ ಬಾಗಲಾ ಹಾಕಿದ್ವಿ, ಅಷ್ಟ."

ಆಮೇಲೆ ಅಂಗಳದ ಕಡೆ ತಿರುಗಿ ಗಟ್ಟಿಯಾಗಿ ಕೂಗಿದ:

"ನೀಲವ್ವ, ಒಳಗ ಬಾ. ಹುಡುಗ್ಯಾರಿಗೆ ಕಣ್ಣ ಬರದ ತೋರ್ಸು."

ಮಂದಿಯ ಎದುರು ಅಪ್ಪ ಅವ್ವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಸೆರಗು ಎಳೆದುಕೊಂಡು ಬಾಗಿಲಲ್ಲಿ ಬಂದು ನಿಂತಳು. ಅಕ್ಕೋರು ಎದ್ದು ತಾವು ಕೂರುವ ಚಾಪೆಯನ್ನು ಅವಳಿಗೆ ಬಿಟ್ಟುಕೊಟ್ಟರು. ಅವ್ವ ಕುಳಿತಳು, ಶಾಂತವ್ವನ ಎತ್ತನ್ನು ಎಡಗೈಯಲ್ಲಿ ಎತ್ತಿಕೊಂಡಳು, ಉಸಿರು ಹಿಡಿದಳು. ಎರಡು ಗೆರೆ, ಒಂದು ಚುಕ್ಕೆ. ತಿರುಗಿಸಿ ಇನ್ನೆರಡು ಗೆರೆ, ಒಂದು ಚುಕ್ಕೆ. ಎತ್ತು ನಮ್ಮನ್ನು ನೋಡಿತು. ಅವ್ವ ಉಸಿರು ಬಿಟ್ಟು ಕುಂಚವನ್ನು ಶಾಂತವ್ವನ ಕಡೆ ಚಾಚಿ, "ತಗೊ ಮಗಳ, ಏನೂ ಆಗೂದಿಲ್ಲ. ನಂಗೇನರ ಆಗೇತೇನು?" ಅಂದಳು. ಅಷ್ಟೇ. ಮುಂದೆ ಸಾಲೆಯಲ್ಲಿ ಎದ್ದ ಗದ್ದಲ ಹೇಳತೀರದು. ಮೆಳ್ಳೆಗಣ್ಣಿನ ಎತ್ತು, ಗುಡ್ಡೆಗಣ್ಣಿನ ಎತ್ತು, ನಿದ್ದೆಗಣ್ಣಿನ ಎತ್ತು. ಸಾಹೇಬರು ಒಂದನ್ನು ಕೇಳಿ ಇಸಿದುಕೊಂಡು ಹೋದರು.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಆಯಿ ಆ ದಿನ ಯಾರ ಕೈಯನ್ನೂ ನೋಡಲಿಲ್ಲ, ಊಟಕ್ಕೂ ಬರಲಿಲ್ಲ.

"ಒಂದ ಹೌದು ಅಂದಿದ್ರ ನಿನ್ನ ಗಂಟೇನ ಹೋಗತಿತ್ತೊ?"

"ಆ ಹುಡುಗ್ಯಾರು ಅಂಜಿ ಕುಂತಿದ್ವು ಯವ್ವಾ. ನಾ ಅವಕ್ಕ ಕಲಸಾಕ ಹೋದಾಂವ, ಅಂಜಸಾಕ ಅಲ್ಲ."

ಶ್ರಾವಣ ಬಂತು. ನಾಗರಪಂಚಮಿಗೆ ಉಂಡೆ ತಿಂದು ಜೋಕಾಲಿ ಆಡಿದ್ದೂ ಆಯಿತು. ಹಿಂದಿನ ವರ್ಷಗಳಲ್ಲಿ ಅಷ್ಟೊತ್ತಿಗೆ ನಮ್ಮ ಪಡಸಾಲೆಯ ಗೋಡೆಯ ತುಂಬ ಮಣೆಗಳು ಒರಗಿರುತ್ತಿದ್ದವು, ನಡೆದಾಡಲು ಜಾಗ ಇರುತ್ತಿರಲಿಲ್ಲ. ಈಗ ನಾಲ್ಕೇ ನಾಲ್ಕು. ಪ್ರತಿ ವರ್ಷ ಮೊದಲು ಬರುವ ಗೌಡರ ಮನೆಯ ದೊಡ್ಡ ಸಾಗವಾನಿ ಮಣೆ ಬಂದಿರಲಿಲ್ಲ. ಅದನ್ನು ನೋಡಿಯೇ ಉಳಿದವರು ತರುವವರು. ಅಪ್ಪ ಮಣ್ಣು ತುಳಿಯುವುದನ್ನು ನಿಲ್ಲಿಸಲಿಲ್ಲ. ಶನಿವಾರ ಸಾಲೆಗೆ ಹೋಗುವುದನ್ನೂ ನಿಲ್ಲಿಸಲಿಲ್ಲ, ಈಗ ಅವ್ವನೂ ಒಳಗೇ ಕೂರುತ್ತಿದ್ದಳು. ನಾನು ಮಾತ್ರ ದಿನಾ ಮುಂಜಾನೆ ಎದ್ದು ಮೊದಲು ಆ ಗೋಡೆಯನ್ನು ನೋಡುತ್ತಿದ್ದೆ. ನನ್ನ ಬಾಯಿಂದಲೇ ಆದದ್ದು ಎಂದುಕೊಂಡು ಆ ನಾಲ್ಕನ್ನೇ ಮತ್ತೆ ಮತ್ತೆ ಎಣಿಸುತ್ತಿದ್ದೆ.

ಒಂದು ಮಧ್ಯಾಹ್ನ ಗೌಡಸಾನಿ, ಶಾಂತವ್ವನ ತಾಯಿ, ತಾನೇ ಬಂದಳು. ಹಿಂದೆ ಶಾಂತವ್ವ, ತಲೆಯ ಮೇಲೆ ಮಣೆ ಹೊತ್ತು. ಗೌಡಸಾನಿ ಮಣೆ ಇಳಿಸಗೊಡಲಿಲ್ಲ.

"ಹೆಂಗಸು ಬರದಾಳಂತ ನನಗ ಸಿಟ್ಟಿಲ್ಲ. ಎರಡ ವರ್ಷ ನನ್ನ ನಿಮ್ಮ ಅಂಗಳದಾಗ ನಿಲ್ಲಿಸಿ, ಬಾಗಲಾ ಹಾಕಿ, ಸುಳ್ಳ ಹೇಳಿದ್ರಿ. ಈರಪ್ಪಾ, ಯಾರ ಬುದ್ಧಿ ಇದು?"

ಅಪ್ಪ ಬಾಯಿ ತೆರೆಯುವ ಮೊದಲೇ ಅಡುಗೆಮನೆಯ ಹೊಸ್ತಿಲಿಂದ ಆಯಿ ಎದ್ದು ಬಂದಳು.

"ನಂದು. ಮಗನ ಕೈ ನಡುಗತಿತ್ತು, ನೋಡಾಕ ಆಗಲಿಲ್ಲ, ಬಾಗಲಾ ಹಾಕಿಸಿದೆ. ಬೈಯೂದಿದ್ರ ನನ್ನ ಬೈ. ಸೊಸಿ ಕೈ ಮಾತ್ರ ಚೊಕ್ಕ ಐತಿ, ಅದರಾಗ ಸುಳ್ಳಿಲ್ಲ."

ಅವ್ವನ ಬಗ್ಗೆ ಆಯಿಯ ಬಾಯಲ್ಲಿ ಒಳ್ಳೆಯ ಮಾತು ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವ್ವನೂ ಕೇಳಿರಲಿಲ್ಲ ಅನ್ನಿಸುತ್ತದೆ. ಬಣ್ಣ ಅರೆಯುತ್ತಿದ್ದ ಅವಳ ಕೈ ನಿಂತೇಹೋಯಿತು. ಗೌಡಸಾನಿ ಮುದುಕಿಯ ಕಡೆ ತಿರುಗಿದಳು.

"ಹಂಗಾರ ಈ ವರ್ಷ ನಮ್ಮ ಕಣ್ಣ ಮುಂದ ತೆರೀಬೇಕು. ಬಾಗಲಾ ಹಾಕಿದ್ರ ನಮ್ಮ ಮಣಿ ಕಿತ್ತೂರ ಚಿತ್ರಗಾರರ ಕಡೆ ಹೋಗತದ, ನೋಡ್ರಿ ಮತ್ತ."

ಶಾಂತವ್ವ ತಾಯಿಯ ಅಪ್ಪಣೆಗೂ ಕಾಯದೆ ಮಣೆಯನ್ನು ದಪ್ಪನೆ ಗೋಡೆಗೆ ಒರಗಿಸಿದಳು. ಎರಡು ದಿನದಲ್ಲಿ ಗೋಡೆ ತುಂಬಿತು.

ಚೌತಿಯ ಮುಂಜಾನೆ ಒಳಖೋಲಿಯ ಬಾಗಿಲು ಅಗಲವಾಗಿ ತೆರೆದಿತ್ತು, ಮುಚ್ಚಿಕೊಳ್ಳದ ಹಾಗೆ ಆಯಿ ಅದಕ್ಕೆ ಬಣ್ಣ ಅರೆಯುವ ಕಲ್ಲನ್ನು ಅಡ್ಡ ಇಟ್ಟಿದ್ದಳು. ಊರಿಗೆ ಊರೇ ಬಂದಿತ್ತು. ಮಣೆ ಕೊಟ್ಟವರೂ ಬಂದಿದ್ದರು, ಕೊಡದವರೂ ಬಂದಿದ್ದರು, ಸಾಲೆಯ ಹುಡುಗಿಯರು ದೊಡ್ಡವರ ಕಾಲ ಸಂದಿಯಿಂದ ನುಸುಳಿ ಮುಂದೆ ಕುಳಿತಿದ್ದರು. ಈ ಸಲ ಕನ್ನಡಿ ತಾನೇ ಹಿಡಿಯುತ್ತೇನೆ ಎಂದು ಅಪ್ಪ ನನ್ನಿಂದ ಇಸಿದುಕೊಂಡಿದ್ದ. ಅವನ ಕೈಯಲ್ಲಿ ಕನ್ನಡಿ ನಡುಗುತ್ತಿತ್ತು, ಅದರ ಬೆಳಕು ಗೋಡೆಯ ಮೇಲೆ ಕುಣಿಯುತ್ತಿತ್ತು, ಯಾರೂ ನಗಲಿಲ್ಲ. ಅವ್ವ ಗೌಡರ ಗಣಪತಿಯ ಮುಂದೆ ಕುಳಿತು ಕುಂಚವನ್ನು ಕಾಡಿಗೆಯಲ್ಲಿ ಅದ್ದಿದಳು. ಜನ ಒಬ್ಬರ ಮೇಲೊಬ್ಬರು ಬಗ್ಗಿದರು, ಖೋಲಿ ಕತ್ತಲಾಯಿತು. ಅವ್ವನ ಕುಂಚ ಗಾಳಿಯಲ್ಲೇ ನಿಂತಿತು. ಆಗ ಹೊಸ್ತಿಲ ಮೇಲೆ ಕುಳಿತಿದ್ದ ಆಯಿ ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಬಡಿದಳು.

"ಏ, ಬಾಗಲಾ ಬಿಟ್ಟ ಸರಿದ ನಿಲ್ರೊ! ನಮ್ಮ ನೀಲವ್ವಗ ಬೆಳಕ ಬೇಕು."